ಚಿಂಗಸ್ಸಿನ ದಾರಿ

ಜಮ್ಮುವಿನಿಂದ ಅಖ್ನೂರು, ಸುಂದರಬನಿಗಳನ್ನು ಹಾದು ಪೂಂಛಿನತ್ತ ಸಾಗುವ ಹೆದ್ದಾರಿಯು ನೌಶೇರಾ ಪಟ್ಟಣವನ್ನು ಹಿಂದಿಕ್ಕಿದ ಮೇಲೆ, ಪೈನ್ ಮರಗಳು ದಟ್ಟೈಸಿದ ಗುಡ್ಡಗಳ ಮಗ್ಗುಲನ್ನು ಬಳಸುತ್ತ, ಅಲ್ಲಲ್ಲಿ ತವಿ ನದಿಯ ಉರುಟುಗಲ್ಲಿನ ಪಾತ್ರವನ್ನು ಕಣ್ಣಿಗೆ ತೋರಿಸುತ್ತ, ರಾಜೌರಿಯವರೆಗೂ ತಿರುವಿನ ಮೇಲೆ ತಿರುವಾಗಿಯೇ ಹರಿಯುತ್ತದೆ. ಕಾಶ್ಮೀರಕ್ಕೆ ಹೋಗಿಬರುತ್ತಿದ್ದ ಮೊಗಲ್ ಬಾದಶಹರು ಈ ಪ್ರಾಂತದ ಮೂಲಕವೇ ಸಂಚರಿಸುತ್ತಿದ್ದರೆಂಬುದಕ್ಕೆ ಚಿಂಗಸ್ ಎಂಬ ನೆಲೆಯಲ್ಲಿ ಉಳಿದಿರುವ ಪುರಾತನ ಸರಾಯಿಯೇ ಸಾಕ್ಷಿ. 1627ರಲ್ಲಿ ಕಾಶ್ಮೀರದಿಂದ ಮರಳುವಾಗ ದಾರಿಯಲ್ಲಿಯೇ ಅಸುನೀಗಿದ ಜಹಾಂಗೀರನ ಶರೀರವು ಲಾಹೋರನ್ನು ಸೇರುವ ಮುನ್ನ ಕೆಡದಿರಲೆಂದು ಆತನ ಕರುಳನ್ನು ಇಲ್ಲಿ ಹೂಳಿದರೆಂಬುದು ಸ್ಥಳದ ಪ್ರತೀತಿ.

ಆದರೆ ಕರ್ನಾಟಕದಿಂದ ಹೋದ ಪ್ರವಾಸಿಗೆ ಬಾದಶಹನಿಗಿಂತಲೂ ಮುನ್ನ ಇಲ್ಲಿ ನೆನಪಾಗಬೇಕಾದವರು, ಕಾರವಾರದ ಸಮೀಪದ ಚೆಂಡಿಯಾ ಗ್ರಾಮದಲ್ಲಿ 1918ರ ಜೂನ್ 26ರಂದು ಜನಿಸಿ, 1940ರಲ್ಲಿ ಬಾಂಬೆ ಎಂಜಿನಿಯರ್ಸ್ ಪಡೆಯನ್ನು ಸಾಮಾನ್ಯ ಸಿಪಾಯಿಯಾಗಿ ಸೇರಿ, ಬರ್ಮಾದ ರಣಭೂಮಿಯಲ್ಲಿ ಸೇವೆ ಸಲ್ಲಿಸಿ, 1947ರ ಡಿಸೆಂಬರಿನಲ್ಲಿ ಅಧಿಕಾರಿಯ ಪದವಿಗೇರಿದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆಯವರು.

1947ರ ನವೆಂಬರಿನಲ್ಲಿ ರಾಜೌರಿಯು ಪಾಕಿಸ್ತಾನದ ಕಡೆಯ ದಾಳಿಕಾರರ ವಶವಾಗಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರ ಸೈನ್ಯವು ನೌಶೇರಾವನ್ನು ಉಳಿಸಿಕೊಂಡು, ಮಾರ್ಚಿನಲ್ಲಿ ಝಂಗಡವನ್ನು ಮರಳಿ ಪಡೆದ ತರುವಾಯ, ರಾಜೌರಿಯ ಬಿಡುಗಡೆಗೆ ಉಳಿದಿದ್ದುದು ಈ ಒಂದು ದಾರಿ. ಟ್ಯಾಂಕುಗಳನ್ನು ಬೆಟ್ಟದ ದಾರಿಯಲ್ಲಿ ಒಯ್ಯಬೇಕಾದರೆ ದಾರಿಯೇ ಮೊದಲು ಇರಬೇಕು. ಶತ್ರುವಾದರೋ ಅದನ್ನು ಮೈನುಗಳಿಂದ ತುಂಬಿ, ಮೋರಿಗಳನ್ನು ಸಿಡಿಸಿ, ಮರಗಳನ್ನು ಅಡ್ಡ ಕೆಡವಿ, ಅಳಿಸಿಯೇ ಬಿಟ್ಟಿದ್ದನು.

1948ರ ಏಪ್ರಿಲ್ 8ರಂದು ಬೆಳಗಿನ 11 ಗಂಟೆಗೆ, ಕೆಲಸಕ್ಕೆ ತೊಡಗುವ ಮೊದಲೇ, ಈ ದಾರಿಯನ್ನು ತೆರವುಗೊಳಿಸಲು ನಿಯುಕ್ತವಾಗಿದ್ದ ರಾಣೆಯವರ ತಂಡದ ಮೇಲೆ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಮಡಿದರು, ಗಾಯಗೊಂಡ ಐವರಲ್ಲಿ ರಾಣೆಯವರೂ ಒಬ್ಬರು. ಅಂದು ಸಂಜೆ ಬರವಾಲಿ ಗುಡ್ಡವು ಕೈವಶವಾದೊಡನೆ, ಶತ್ರುಗಳಿನ್ನೂ ಪೂರ್ತಿ ತೊಲಗಿಲ್ಲವೆಂಬುದನ್ನು ಬಲ್ಲವರಾಗಿಯೂ, ಅವರು ತಂಡವನ್ನು ಮುಂದೊಯ್ದು ಟ್ಯಾಂಕುಗಳಿಗಾಗಿ ಬದಲಿ ಹಾದಿಯನ್ನು ಕಡಿಯಲಾರಂಭಿಸಿ, ರಾತ್ರಿ 10ರವರೆಗೂ ದುಡಿದರು. ಮರುದಿನ ಆ ಹಾದಿ ಸಿದ್ಧವಾದ ಮೇಲೆ ಅರ್ಧ ಮೈಲಿಗೆ ಪೈನ್ ಮರಗಳ ಒಂದು ಅಡ್ಡಗಟ್ಟು. ಅದನ್ನು ಸಿಡಿಸಿದರೆ 300 ಗಜಕ್ಕೆ ಮತ್ತೊಂದು. ಆಚೆಗೆ ಉರುಳಿದ ಮೋರಿ. ಮುಸ್ಸಂಜೆಯಲ್ಲಿ ಎದುರಾದ ಐದು ಹೆಮ್ಮರಗಳ ತಡೆಯನ್ನು, ಸುತ್ತ ಹೂಳಿದ್ದ ಮೈನುಗಳ ಸಮೇತ, ಏಪ್ರಿಲ್ 10ರ ನಸುಕಿನಲ್ಲಿ ತೆರವುಗೊಳಿಸಲಾಯಿತು. ಆ ದಿನ ಮಧ್ಯಾಹ್ನ 2 ಗಂಟೆಗೆ ಟ್ಯಾಂಕುಗಳು ತವಿಯ ಪಾತ್ರಕ್ಕಿಳಿದು ಚಿಂಗಸ್ ಸೇರಿದುವು. ಅನ್ನ ಮದ್ದುಗಳ ಲಾರಿಗಳಿಗೆ ರಸ್ತೆಯೇ ಬೇಕಾದುದರಿಂದ ರಾಣೆಯವರು ಊಟ ವಿಶ್ರಾಂತಿಗಳಿಲ್ಲದೆ ಹಿಂದುಳಿದು, 11ರ ಬೆಳಿಗ್ಗೆ 11ಕ್ಕೆ ಚಿಂಗಸ್ಸಿನವರೆಗಿನ ರಸ್ತೆಯನ್ನು ಬಿಡಿಸಿಕೊಟ್ಟರು. ಮಾರನೆಯ ದಿನ ಸೈನ್ಯವು ರಾಜೌರಿಯನ್ನು ಪ್ರವೇಶಿಸಿತು.

ಈ ತಿರುವುಗಳಲ್ಲಿ ನಿಂತು ಎದುರಿನ ಗುಡ್ಡಗಳನ್ನು ದಿಟ್ಟಿಸಿದಾಗಲೇ ಎಂಜಿನಿಯರ್ ಸೈನಿಕನ ಸಂಕಟದ ಸ್ವರೂಪವು ಮನದಟ್ಟಾಗುವುದು. ಶತ್ರುವು ತಡೆಯನ್ನೊಡ್ಡುವುದು ತನ್ನ ಮೆಷಿನ್‌ಗನ್ನಿನ ಗುರಿಗೆ ನೇರವಾಗಿ ಒದಗುವ ತಾಣದಲ್ಲಿಯೇ. ಕಾಲಾಳಿಗೆ ಬಂಡೆಯ ಮರೆ ಸಿಕ್ಕೀತು, ಟ್ಯಾಂಕಿನವನಿಗೆ ಉಕ್ಕಿನ ಕವಚವುಂಟು, ಮೈನು ಕೀಳುವವನಿಗಾದರೋ ಶತ್ರುವು ಮೊದಲೇ ಅಳೆದಿಟ್ಟ ಆ ಜಾಗವೇ ಕಾರ್ಯಕ್ಷೇತ್ರ. ಎರಡು ಕೈಗಳೂ ಕೆಲಸದಲ್ಲಿರುವಾಗ ಆತನು ಮರುಗುಂಡು ಹಾರಿಸುವಂತೆಯೂ ಇಲ್ಲ. ಅವಸರಿಸಿದರೆ ಮೈನು, ತಡಮಾಡಿದರೆ ಗುಂಡು. ಇಂಥ ಸ್ಥಿತಿಯಲ್ಲಿ ಕ್ಷಣಕಾಲದ ಆವೇಶಕ್ಕಿಂತ, ನಾಲ್ಕು ದಿನ ಎಡೆಬಿಡದೆ ನಿಲ್ಲುವ ಕಸುಬುದಾರನ ತಾಳ್ಮೆಯೇ ದೊಡ್ಡ ಶೌರ್ಯವೆನಿಸುತ್ತದೆ. ರಾಣೆಯವರಿಗೆ ಪರಮವೀರ ಚಕ್ರವು ಸಂದುದು ಈ ತಾಳ್ಮೆಗೆ.

1968ರಲ್ಲಿ ಮೇಜರ್ ಆಗಿ ನಿವೃತ್ತರಾದ ಅವರು 1994ರಲ್ಲಿ ತೀರಿಕೊಂಡರು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ, ಅವರ ಪ್ರತಿಮೆಯುಂಟು. ಅಂಡಮಾನಿನ ದ್ವೀಪವೊಂದಕ್ಕೆ 2023ರಲ್ಲಿ ಅವರ ಹೆಸರನ್ನಿಟ್ಟಿದ್ದಾರೆ.

ನೌಶೇರಾಕ್ಕೆ ಜಮ್ಮುವಿನಿಂದ ಬಸ್ಸುಗಳುಂಟು. ಗಡಿರೇಖೆಯು ಹತ್ತಿರವಾದುದರಿಂದ ಪರಿಸ್ಥಿತಿಯನ್ನು ವಿಚಾರಿಸಿಕೊಂಡು, ಗುರುತಿನ ಚೀಟಿಯೊಡನೆ ಹೊರಡುವುದು ಲೇಸು. ಬರವಾಲಿಯಿಂದ ಚಿಂಗಸ್ಸಿಗೆ ವಾಹನವು ಒಂದು ಗಂಟೆಯೊಳಗೆ ತಲುಪಿಸಿಬಿಡುತ್ತದೆ. ಅವಕಾಶವಿದ್ದವರು ಒಂದೆರಡು ತಿರುವುಗಳನ್ನಾದರೂ ಕಾಲ್ನಡಿಗೆಯಲ್ಲಿ ದಾಟಿದರೆ, ಯುದ್ಧದಲ್ಲಿ 300 ಗಜವೆಂಬುದು ಎಷ್ಟು ದೂರವೆಂಬುದು ತಿಳಿದೀತು.