ಹಗೇವು, ಬಾವಿ, ಗೋಬರ್ ಗ್ಯಾಸ್ ಗುಂಡಿ: ಇಳಿದವರನ್ನು ಜೀವಂತ ಹೊರತರುವ ಬಗೆ

ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ ಅಥವಾ ವಿಷಾನಿಲ ಸೋರಿದರೆ ಕೆಲಸಗಾರರು ಯಾವ ಬಾಗಿಲಿನಿಂದ ಹೊರಬರಬೇಕು, ಎಲ್ಲಿ ಸೇರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಅಭ್ಯಾಸ ಮಾಡಿಸುವ ಪದ್ಧತಿ ಇದೆ. ಒಕ್ಕಲುತನಕ್ಕೆ ಅಂತಹ ಏರ್ಪಾಡು ಏಕೆ ಎಂದು ನೀವು ಕೇಳಬಹುದು. ಬಯಲು ಹೊಲಕ್ಕೆ ಬಾಗಿಲಿಲ್ಲ, ನಿಜ. ಆದರೆ ನಮ್ಮ ಕೆಲಸದ ಜಾಗಗಳಲ್ಲಿ ಒಂದೇ ಬಾಗಿಲಿನವು ಮೂರಿವೆ, ಆ ಬಾಗಿಲೂ ತಲೆಯ ಮೇಲೆಯೇ ಇರುತ್ತದೆ: ಕಾಳು ತುಂಬಿಡುವ ಹಗೇವು, ಹೂಳು ತೆಗೆಯುವ ಬಾವಿ, ಗೋಬರ್ ಗ್ಯಾಸ್ ಸ್ಥಾವರದ ಗುಂಡಿ. ಈ ಮೂರರಲ್ಲೂ ಆಗುವ ಸಾವುಗಳು ಹೆಚ್ಚಾಗಿ ಒಂಟಿಯಾಗಿ ಬರುವುದಿಲ್ಲ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ನೆರೆಹೊಲದವನು. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1986ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಇಂತಹ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ಶೇಕಡ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಹೋದವರು.

ಹಗೇವಿನೊಳಗೆ ನಡೆಯುವುದೇನು?

ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಹಗೇವು ಹಳೆಯ ಕಾಲದಿಂದ ಬಂದ ಒಳ್ಳೆಯ ಸಂಗ್ರಹಣಾ ವಿಧಾನ. ತಗ್ಗು ತೋಡಿ, ಒಳಗೆ ಹುಲ್ಲು ಅಥವಾ ಕಣಿಕೆ ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ಬಹುಕಾಲ ಕೆಡದು. ಕೆಡದಿರಲು ಕಾರಣ ತಿಳಿದುಕೊಂಡರೆ ಅಪಾಯದ ಕಾರಣವೂ ತಿಳಿದಂತೆಯೇ. ಕಾಳು ಜೀವವಿರುವ ವಸ್ತು, ಅದು ಉಸಿರಾಡುತ್ತದೆ. ಮುಚ್ಚಿದ ತಗ್ಗಿನಲ್ಲಿ ಕಾಳೂ ಹುಳುವೂ ಬೂಷ್ಟೂ ಸೇರಿ ಅಲ್ಲಿದ್ದ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಆಮ್ಲಜನಕ ತೀರಿದಾಗ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಹುಳುವನ್ನು ಕೊಂದ ಗಾಳಿ ಮನುಷ್ಯನನ್ನು ಬಿಟ್ಟೀತೇ? ಗೋಡೆಯ ಪಕ್ಕದ ಕಾಳು ತೇವಗೊಂಡಿದ್ದರೆ ಈ ಕ್ರಿಯೆ ಇನ್ನೂ ಜೋರು.

ಇಂಗಾಲದ ಡೈಆಕ್ಸೈಡು ಸಾಧಾರಣ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ತೂಕದ್ದು. ಆದ್ದರಿಂದ ಬಾಯಿ ತೆರೆದ ಮಾತ್ರಕ್ಕೆ ಅದು ಮೇಲೆದ್ದು ಹೋಗದು, ಕೊಡದಲ್ಲಿನ ನೀರಿನಂತೆ ತಳದಲ್ಲೇ ನಿಲ್ಲುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಷ್ಟಿದೆ. ಅದು 14ರ ಸುಮಾರಿಗೆ ಇಳಿದರೆ ಕೈಕಾಲು ಹಿಡಿತ ತಪ್ಪುತ್ತದೆ, 10ರ ಕೆಳಗೆ ಪ್ರಜ್ಞೆ ಹೋಗುತ್ತದೆ. ಇನ್ನೂ ಕಡಿಮೆಯಿದ್ದರೆ ಒಂದೆರಡು ಉಸಿರಿನಲ್ಲೇ ಮನುಷ್ಯ ಬೀಳುತ್ತಾನೆ. "ಉಸಿರು ಕಟ್ಟಿದರೆ ಹತ್ತಿ ಬರುತ್ತೇನೆ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅಪಾಯ ಅರಿವಿಗೆ ಬರುವ ಹೊತ್ತಿಗೆ ಹತ್ತುವ ಕಾಲುಗಳೇ ಸೋತಿರುತ್ತವೆ.

ಕಂದೀಲಿನ ಪರೀಕ್ಷೆ ಮತ್ತು ಅದರ ಮಿತಿ

ಹಗೇವಿನ ಬಾಯಿ ತೆರೆದು ಒಂದು ದಿನ ಹಾಗೇ ಬಿಟ್ಟು, ನಂತರ ಕಂದೀಲು ಇಳಿಸಿ ನೋಡುವ ಹಿರಿಯರ ರೂಢಿ ಶಾಸ್ತ್ರಸಮ್ಮತವೇ ಆಗಿದೆ. ಆಮ್ಲಜನಕ ಶೇಕಡ 16ರ ಆಸುಪಾಸಿಗೆ ಬಂದಾಗ ದೀಪ ಆರುತ್ತದೆ. ಕಂದೀಲನ್ನು ತಳ ಮುಟ್ಟುವವರೆಗೆ ಇಳಿಸಿ ಹತ್ತು ನಿಮಿಷ ಬಿಡಿ. ಅದು ಆರಿದರೆ ಅಥವಾ ಉರಿ ಮಂಕಾದರೆ ಯಾರೂ ಇಳಿಯಬಾರದು. ತೂರುವ ಫ್ಯಾನನ್ನು ಮೇಲೆಯೇ ಇಟ್ಟು, ತಾಡಪತ್ರಿಯಿಂದ ಹೊಲಿದ ಕೊಳವೆಯ ಮೂಲಕ ತಳಕ್ಕೆ ಗಾಳಿ ಊದಿಸಿ, ಮತ್ತೆ ಪರೀಕ್ಷಿಸಿ.

ದೀಪ ಉರಿಯಿತೆಂದು ನಿಶ್ಚಿಂತರಾಗುವಂತಿಲ್ಲ. ಕಾಳಿನ ಸಂದುಗಳಲ್ಲಿ ಕೆಟ್ಟ ಗಾಳಿ ಅಡಗಿರುತ್ತದೆ, ಕಾಳು ತೆಗೆದಂತೆಲ್ಲ ಅದು ಹೊರಬರುತ್ತದೆ. ಬೆಳಿಗ್ಗೆ ಸರಿಯಿದ್ದ ಹಗೇವು ಬುತ್ತಿ ಉಂಡು ಬರುವಷ್ಟರಲ್ಲಿ ಕೆಟ್ಟಿರಬಹುದು. ಆದ್ದರಿಂದ ಪ್ರತಿ ಸಲ ಇಳಿಯುವ ಮುನ್ನ ಕಂದೀಲು ಇಳಿಸಿ. ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಹಾಕಿದ್ದರಂತೂ ಈ ಪರೀಕ್ಷೆಯನ್ನು ನಂಬಲೇಬೇಡಿ. ಫಾಸ್ಫೀನ್ ವಿಷವನ್ನು ದೀಪ ತೋರಿಸದು.

ಬಾವಿಯಲ್ಲಿಯೂ ಕಂದೀಲು ಮೋಸ ಮಾಡುವ ಸಂದರ್ಭ ಒಂದಿದೆ. ಮೇಲೆ ಕೂರಿಸಿದ ಪಂಪು ಸುಮಾರು 7 ಮೀಟರಿಗಿಂತ ಆಳದ ನೀರನ್ನು ಹೀರಲಾರದು. ಅದಕ್ಕಾಗಿ ಕೆಲವರು ಡೀಸೆಲ್ ಎಂಜಿನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ಆಳು ಕುಸಿಯುತ್ತಾನೆ. ಎಂಜಿನ್ ಒಳಗೆ ನಡೆದ ಬಾವಿಗೆ ಗಾಳಿ ಊದಿಸದೆ ಯಾರನ್ನೂ ಇಳಿಸಬೇಡಿ.

ಗೋಬರ್ ಗ್ಯಾಸ್ ಗುಂಡಿಗೆ ಉರಿಯುವ ದೀಪವನ್ನು ಹತ್ತಿರವೂ ತರಕೂಡದು. ಅಲ್ಲಿನ ಮೀಥೇನ್ ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಬೆರೆತರೆ ಸ್ಫೋಟವಾಗುತ್ತದೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡೂ ಅಲ್ಲಿರುತ್ತದೆ. ಅದು ಹೆಚ್ಚಾದಾಗ ಮೂಗೇ ಮರಗಟ್ಟುವುದರಿಂದ ನಾತ ನಿಂತಿತೆಂದು ಹಿಗ್ಗಬಾರದು. ಸ್ಥಾವರದ ಕೆಸರು ತೆಗೆಯುವುದಿದ್ದರೆ ಮುಚ್ಚಳ ತೆಗೆದು, ರಾಡಿಯನ್ನು ಮೇಲಿನಿಂದಲೇ ಖಾಲಿ ಮಾಡಿ, ಹಲವು ದಿನ ಗಾಳಿಗೆ ಬಿಡಿ. ನನ್ನ ಅಭಿಪ್ರಾಯದಲ್ಲಿ ಮನುಷ್ಯನನ್ನು ಇಳಿಸದೆ ಮುಗಿಯುವ ಕೆಲಸಕ್ಕೆ ಇಳಿಸುವುದೇ ತಪ್ಪು.

ಹಗ್ಗ ಮೊದಲು, ಆಳು ಆಮೇಲೆ

ಇಳಿಯುವವನ ಮೈಗೆ ಹಗ್ಗ ಕಟ್ಟದೆ ಕೆಲಸ ಆರಂಭಿಸಬೇಡಿ. ಹಗ್ಗವನ್ನು ಸೊಂಟಕ್ಕೆ ಕಟ್ಟುವ ರೂಢಿ ಹಲವೆಡೆ ಇದೆ, ಅದು ಸರಿಯಲ್ಲ. ಪ್ರಜ್ಞೆ ತಪ್ಪಿದವನನ್ನು ಸೊಂಟದಿಂದ ಎಳೆದರೆ ಮೈ ನಡುವಿಗೆ ಮಡಿಚಿಕೊಂಡು ಹಗೇವಿನ ಸಣ್ಣ ಬಾಯಲ್ಲಿ ಸಿಕ್ಕಿಬೀಳುತ್ತದೆ. ಒಂದು ಸುತ್ತು ಎರಡೂ ಕಂಕುಳ ಕೆಳಗೆ, ಇನ್ನೊಂದು ಸುತ್ತು ತೊಡೆಗಳಿಗೆ ಹಾಕಿ, ಎಳೆಯುವ ಗಂಟು ಬೆನ್ನಿನ ಮೇಲ್ಭಾಗದಲ್ಲಿ ಬರುವಂತೆ ಕಟ್ಟಿ. ಎಳೆದಷ್ಟೂ ಬಿಗಿಯುವ ಕುಣಿಕೆ ಬೇಡ, ಜಾರದ ಗಂಟು ಇರಲಿ.

ಬಾಯಿಯ ಮೇಲೆ ಮೂರು ಗಟ್ಟಿ ಕಂಬ ನಿಲ್ಲಿಸಿ ರಾಟೆ ಕಟ್ಟಿ. ಮೇಲೆ ಕಡೇಪಕ್ಷ ಇಬ್ಬರು ಗಟ್ಟಿ ಆಳುಗಳು ಹಗ್ಗ ಹಿಡಿದಿರಬೇಕು. ಕೆಲಸಕ್ಕೆ ಮುನ್ನ 60 ಕಿಲೋ ಜೋಳದ ಚೀಲವೊಂದನ್ನು ಅದೇ ಹಗ್ಗಕ್ಕೆ ಕಟ್ಟಿ ಇಳಿಸಿ, ಎತ್ತಿ ನೋಡಿ. ಚೀಲ ಎತ್ತಲಾರದವರು ಮನುಷ್ಯನನ್ನು ಎತ್ತಲಾರರು. ಇದಕ್ಕೆ ಹತ್ತು ನಿಮಿಷ ಸಾಕು, ಅದನ್ನು ದಂಡವೆಂದು ತಿಳಿಯಬೇಡಿ.

ಮೇಲಿನವರು ಒಳಗಿನವನನ್ನು ನಿಮಿಷಕ್ಕೊಮ್ಮೆ ಕೂಗಿ ಮಾತನಾಡಿಸುತ್ತಿರಬೇಕು. ಉತ್ತರ ಬರದಿದ್ದರೆ, ಮಾತು ತೊದಲಿದರೆ, ಅಥವಾ ತಲೆ ಸುತ್ತುತ್ತದೆ ಎಂದರೆ ಮರುಮಾತಿಲ್ಲದೆ ಎಳೆಯಬೇಕು. ಸುಮ್ಮನೆ ಎಳೆದರೆಂದು ಅವನು ಬೈದರೂ ಚಿಂತೆಯಿಲ್ಲ.

ಆಳು ಬಿದ್ದಾಗ

ಹಗ್ಗವಿಲ್ಲದೆ ಇಳಿದವನು ಬಿದ್ದಿದ್ದಾನೆ ಎನ್ನಿ. ಮೇಲಿರುವವರಲ್ಲಿ ಹಿರಿಯರು ಮೊದಲು ಮಾಡಬೇಕಾದ್ದು ಉಳಿದವರನ್ನು ಹಿಡಿದು ನಿಲ್ಲಿಸುವುದು. ಇದು ಹೇಳಿದಷ್ಟು ಸುಲಭವಲ್ಲ, ಬಿದ್ದವನು ಮಗನೋ ಅಣ್ಣನೋ ಆಗಿರುತ್ತಾನೆ. ಅದಕ್ಕೇ ಇಳಿಯುವ ಮುನ್ನವೇ, ಎಲ್ಲರೂ ಸಮಾಧಾನದಲ್ಲಿರುವಾಗ, ಯಾರು ಏನೇ ಆದರೂ ಇಳಿಯಬಾರದೆಂದು ಮನೆಯವರ ಎದುರಿಗೆ ಮಾತಾಗಿರಬೇಕು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇಳಿಯುವುದು ವ್ಯರ್ಥ. ಬಟ್ಟೆ ಆಮ್ಲಜನಕವನ್ನು ಕೊಡದು.

ಒಬ್ಬರು ಕೂಡಲೇ 112ಕ್ಕೆ ಫೋನು ಮಾಡಿ, ಉಸಿರಾಟದ ಸಾಧನದೊಡನೆ ಅಗ್ನಿಶಾಮಕ ದಳದವರು ಬೇಕೆಂದು ಸ್ಪಷ್ಟವಾಗಿ ತಿಳಿಸಲಿ. ಇನ್ನೊಬ್ಬರು ತಳಕ್ಕೆ ಗಾಳಿ ಊದುವುದನ್ನು ಆರಂಭಿಸಲಿ. ಗೋಬರ್ ಗ್ಯಾಸ್ ಗುಂಡಿಯಾದರೆ ಫ್ಯಾನು, ಸ್ವಿಚ್ಚು ಎಲ್ಲವೂ ಬಾಯಿಯಿಂದ ದೂರವಿರಬೇಕು, ಬೀಡಿ ಆರಿಸಿರಬೇಕು. ಕೊಕ್ಕೆಯುಳ್ಳ ಗಳು ಅಥವಾ ಪಾತಾಳಗರಡಿ ಬಟ್ಟೆಗೆ ಸಿಕ್ಕಿದರೆ ಮೇಲಿನಿಂದಲೇ ಎಳೆಯಿರಿ. ಸ್ವಲ್ಪ ಗಾಯವಾದರೂ ಚಿಂತೆಯಿಲ್ಲ. ಆಮ್ಲಜನಕವಿಲ್ಲದೆ ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಹಾನಿ ಆರಂಭವಾಗುತ್ತದೆ.

ಹೊರತಂದವನನ್ನು ಬಾಯಿಯಿಂದ ದೂರ ಒಯ್ದು ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಎರಡು ಅಂಗುಲದಷ್ಟು ಕೆಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ. ಪ್ರಜ್ಞೆ ಬಂದು ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ಯಿರಿ. ಇಳಿದದ್ದು ಹಗೇವಿಗೋ, ಎಂಜಿನ್ ನಡೆದ ಬಾವಿಗೋ, ಗೋಬರ್ ಗ್ಯಾಸ್ ಗುಂಡಿಗೋ, ಕಾಳಿಗೆ ಗುಳಿಗೆ ಹಾಕಿತ್ತೋ ಇಲ್ಲವೋ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಚಿಕಿತ್ಸೆ ಅದರ ಮೇಲೆ ಬೇರೆಯಾಗುತ್ತದೆ.