ಮಗುವಿನ ಆಟವೇ ಅದರ ಮಾತು

ತಂದೆ ರಜೆ ಮುಗಿಸಿ ಗಲ್ಫ್‌ಗೆ ಮರಳಿದ್ದಾರೆ. ಐದು ವರ್ಷದ ಮಗ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದಾನೆ, ತಂಗಿಗೆ ಹೊಡೆಯುತ್ತಾನೆ. ಏಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಮನೆಯವರು ಇದನ್ನು ಹಠವೆಂದು ಗದರುತ್ತಾರೆ, ಇಲ್ಲವೇ ದೃಷ್ಟಿ ತಾಗಿದೆ ಎನ್ನುತ್ತಾರೆ. ಆದರೆ ಅವನು ಆಟಿಕೆ ವಿಮಾನವನ್ನು ಹಾರಿಸಿ, ಮತ್ತೆ ಮತ್ತೆ ಮನೆ ಬಾಗಿಲಿಗೇ ತಂದು ಇಳಿಸುತ್ತಿರುವುದನ್ನು ಗಮನಿಸಿದ್ದೀರಾ? ಉತ್ತರ ಅಲ್ಲಿರಬಹುದು.

ಚಿಕ್ಕ ಮಕ್ಕಳಿಗೆ ನೋವಿದೆ, ಅದನ್ನು ಹೇಳುವ ಮಾತಿಲ್ಲ. ಆಟದ ಮೂಲಕ ಆ ನೋವು ಹೊರಬರಲು ನೆರವಾಗುವುದೇ ಪ್ಲೇ ಥೆರಪಿ, ಅಂದರೆ ಆಟದ ಚಿಕಿತ್ಸೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಆಟವನ್ನು ಮಗುವೇ ಮುನ್ನಡೆಸಬೇಕು, ದೊಡ್ಡವರು ಹಿಂಬಾಲಿಸಬೇಕು ಎಂಬುದು ಅವರ ವಿಧಾನದ ತಿರುಳು.

ವಯಸ್ಸಿಗೆ ತಕ್ಕ ಆಟ

ಮಕ್ಕಳ ಯೋಚನಾಶಕ್ತಿ ಹಂತಹಂತವಾಗಿ ಬೆಳೆಯುತ್ತದೆ ಎಂದು ಸ್ವಿಸ್ ವಿದ್ವಾಂಸ ಜೀನ್ ಪಿಯಾಜೆ ವಿವರಿಸಿದ್ದಾರೆ.

2ರಿಂದ 7 ವರ್ಷ: ಇದು ಕಲ್ಪನೆಯ ಕಾಲ. ನಾನು ಹಠ ಮಾಡಿದ್ದಕ್ಕೇ ಅಬ್ಬ ಹೋದರು ಎಂದು ಮಗು ತನ್ನನ್ನೇ ದೂರಿಕೊಳ್ಳಬಹುದು. ಗೊಂಬೆ, ಅಡುಗೆ ಸಾಮಾನು, ವಾಹನ, ಮಣ್ಣು, ಮರಳು ಈ ವಯಸ್ಸಿಗೆ ಸೂಕ್ತ.

7ರಿಂದ 11 ವರ್ಷ: ಕಾರಣ, ನಿಯಮಗಳು ಅರ್ಥವಾಗುತ್ತವೆ. ಕೇರಂ, ಹಾವು-ಏಣಿಯಂಥ ಆಟಗಳಲ್ಲಿ ಸರದಿ ಕಾಯುವುದನ್ನು, ಸೋಲನ್ನು ತಾಳಿಕೊಳ್ಳುವುದನ್ನು ಕಲಿಯುತ್ತಾರೆ. ಚಿತ್ರ ಬಿಡಿಸುವುದೂ ಒಳ್ಳೆಯದು.

ಅದಕ್ಕಿಂತ ದೊಡ್ಡವರು: ಗೊಂಬೆ ಕೊಟ್ಟರೆ ಅವಮಾನವೆನಿಸುತ್ತದೆ. ಏನಾದರೂ ಕೆಲಸ ಮಾಡುತ್ತಾ ಜೊತೆಜೊತೆಗೆ ಮಾತನಾಡುವುದು ಅವರಿಗೆ ಹಿಡಿಸುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ದಿನಕ್ಕೆ ಇಪ್ಪತ್ತು ನಿಮಿಷ ಮೊಬೈಲ್ ಬದಿಗಿಟ್ಟು ಮಗುವಿನೊಂದಿಗೆ ನೆಲದ ಮೇಲೆ ಕುಳಿತುಕೊಳ್ಳಿ. ಆಗ ಪಾಠ ಹೇಳಬೇಡಿ, ಪ್ರಶ್ನೆಗಳ ಸುರಿಮಳೆ ಬೇಡ. “ವಿಮಾನ ಮನೆಗೆ ಬಂತು, ಅಲ್ವಾ?” ಎಂದು ಕಂಡದ್ದನ್ನಷ್ಟೇ ಹೇಳಿ. ಹೊಡೆಯಲು ಬಂದರೆ, “ನಿನಗೆ ಸಿಟ್ಟು ಬಂದಿದೆ, ಆದರೆ ತಂಗಿಗೆ ಹೊಡೆಯಬಾರದು. ಬೇಕಾದರೆ ಈ ಮಣ್ಣಿನ ಮುದ್ದೆಯನ್ನು ಗುದ್ದು” ಎಂದು ಶಾಂತವಾಗಿ ತಡೆಯಿರಿ.

ಬಿಟ್ಟುಹೋಗಿದ್ದ ಮೂತ್ರದ ಅಭ್ಯಾಸ ಮರಳಿದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕೂ ಕಾರಣವಿರಬಹುದು. ನಿದ್ದೆ, ಊಟ, ಶಾಲೆಯ ತೊಂದರೆ ಕೆಲವು ವಾರ ಮುಂದುವರಿದರೆ, ಅಥವಾ ಮಗು ತನಗೇ ನೋವು ಮಾಡಿಕೊಂಡರೆ ತಡಮಾಡದೆ ತಜ್ಞರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ದುಆ ಮಾಡೋಣ, ಜೊತೆಗೆ ಚಿಕಿತ್ಸೆಯನ್ನೂ ಕೊಡಿಸೋಣ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅನಸ್(ರ)ರವರ ಪುಟ್ಟ ತಮ್ಮ ಅಬೂ ಉಮೈರ್‌ಗೆ ಆಟವಾಡಲು ಒಂದು ಸಣ್ಣ ಹಕ್ಕಿಯಿತ್ತು. ಅದು ಸತ್ತಾಗ ಪ್ರವಾದಿ(ಸ)ರವರು ಆ ಮಗುವಿನ ಬಳಿ ಹಕ್ಕಿಯ ಬಗ್ಗೆಯೇ ಅಕ್ಕರೆಯಿಂದ ವಿಚಾರಿಸಿದರು. ದೊಡ್ಡವರಿಗೆ ಅದು ಕೇವಲ ಹಕ್ಕಿ, ಮಗುವಿಗೆ ಅದೇ ದೊಡ್ಡ ದುಃಖ. ನಮ್ಮ ಮಕ್ಕಳ ಬಳಿಗೂ ನಾವು ಹೀಗೆಯೇ ಹೋಗೋಣ.