ಗಾಜಿನ ತೊಟ್ಟಿಗೆ ಯಾವ ಮಣ್ಣು?

ಮೈಸೂರಿನ ಯಾವುದೇ ಮೀನಿನಂಗಡಿಗೆ ಹೋದವರು ಮೊದಲು ನೋಡುವುದು ಮೀನನ್ನು. ಆಮೇಲೆ ತೊಟ್ಟಿಯ ಅಳತೆ, ದೀಪ, ಫಿಲ್ಟರ್ ವಿಚಾರಣೆ. ತಳಕ್ಕೆ ಏನು ಹಾಕಬೇಕೆಂಬ ಪ್ರಶ್ನೆ ಬರುವ ಹೊತ್ತಿಗೆ ಜೇಬು ಹಗುರವಾಗಿರುತ್ತದೆ. ಒಂದು ಚೀಲ ಬಣ್ಣದ ಕಲ್ಲಿಗೆ ವ್ಯಾಪಾರ ಮುಗಿಯುತ್ತದೆ. ಮೀನಿಗೆ ಅದರಿಂದ ಅಂಥ ತೊಂದರೆಯೇನಿಲ್ಲ. ಬೇರಿನಿಂದ ಉಣ್ಣುವ ಗಿಡಕ್ಕೆ ಮಾತ್ರ ಉಪವಾಸ.

ಗಿಡ ಮತ್ತು ಮೀನು ಒಂದೇ ಗಾಜಿನ ಪಾತ್ರೆಯಲ್ಲಿ ಒಂದಕ್ಕೊಂದು ಆಸರೆಯಾಗಿ ಬಾಳಬಲ್ಲವೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದರು. ಅವರ ತೊಟ್ಟಿಯ ತಳದಲ್ಲಿದ್ದದ್ದು ಮರಳು ಮತ್ತು ಕೆಸರು. ಅದರಲ್ಲಿ ನೆಟ್ಟದ್ದು ವ್ಯಾಲಿಸ್ನೇರಿಯಾ.

ಆ ಕೆಸರಿನೊಳಗೆ ನಡೆಯುವ ವ್ಯವಹಾರ ಸ್ವಾರಸ್ಯದ್ದು. ನೀರಿನಡಿಯ ಮಣ್ಣಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗಿಳಿದರೆ ಆಮ್ಲಜನಕ ಮುಗಿದುಹೋಗಿರುತ್ತದೆ. ಮೈಸೂರು ಸೀಮೆಯ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡ್. ಅದು ನೀರಿನಲ್ಲಿ ಕರಗದ ಕಾರಣ ಗಿಡಕ್ಕೆ ನೇರವಾಗಿ ದಕ್ಕುವುದಿಲ್ಲ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಈ ಕಬ್ಬಿಣವನ್ನೇ ಬಳಸಿಕೊಂಡು, ಕರಗುವ ರೂಪಕ್ಕೆ ತರುತ್ತವೆ. ಅದಕ್ಕೆ ಅಂಟಿಕೊಂಡಿದ್ದ ಫಾಸ್ಫೇಟೂ ಬಿಡುಗಡೆಯಾಗುತ್ತದೆ. ಎರಡೂ ಬೇರಿಗೆ ಸಿಗುತ್ತವೆ. ಮುಳುಗಿ ಬೆಳೆಯುವ ಸಸ್ಯಗಳು ತಮಗೆ ಬೇಕಾದ ರಂಜಕವನ್ನು ತಳದ ಕೆಸರಿನಿಂದಲೇ ಪಡೆಯಬಲ್ಲವೆಂದು ಅಮೆರಿಕದ ಬಾರ್ಕೊ ಮತ್ತು ಸ್ಮಾರ್ಟ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಇದನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಮಂಡ್ಯ, ಟಿ. ನರಸೀಪುರದ ಕಡೆ ನೀರು ನಿಂತ ಗದ್ದೆಯಿಂದ ಒಂದು ಭತ್ತದ ಪೈರು ಕಿತ್ತು ಬೇರು ತೊಳೆದರೆ ಸಾಕು. ಬೇರಿಗೆ ತುಕ್ಕಿನ ಬಣ್ಣದ ತೆಳು ಲೇಪ ಕಾಣುತ್ತದೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನಿಂದ ಹೊರಸೂಸಿ, ಕರಗಿದ್ದ ಕಬ್ಬಿಣ ಅಲ್ಲೇ ಮತ್ತೆ ತುಕ್ಕಾಗಿ ಕೂತಿರುತ್ತದೆ. ತೊಟ್ಟಿಯಲ್ಲಿ ವ್ಯಾಲಿಸ್ನೇರಿಯಾದ ಬೇರೂ ಹೀಗೆ ಆಮ್ಲಜನಕ ಬಿಡುತ್ತದೆ.

ಎಲ್ಲ ಗಿಡಕ್ಕೂ ಮಣ್ಣು ಬೇಕೆಂದಲ್ಲ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್, ಗೆಡ್ಡೆಯಿಂದ ಚಿಗುರುವ ಅಪೊನೊಜೆಟಾನ್ ಬೇರಿನಿಂದ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಅನೂಬಿಯಸ್ ಮತ್ತು ಜಾವಾ ಫರ್ನನ್ನು ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಬೇಕು. ಅವುಗಳ ಅಡ್ಡಕಾಂಡ ಹೂತರೆ ಕೊಳೆಯುತ್ತದೆ. ಸೆರಾಟೊಫಿಲಂಗಂತೂ ಬೇರೇ ಇಲ್ಲ. ಈ ಮೂರನ್ನಷ್ಟೇ ಬೆಳೆಸುವವರಿಗೆ ಬರಿಯ ಮರಳೇ ಧಾರಾಳ.

ಅಂಗಡಿಯಲ್ಲಿ ಸಿಗುವ ದುಬಾರಿ ‘ಅಕ್ವಾ ಸಾಯಿಲ್’ ಸುಟ್ಟ ಮಣ್ಣಿನ ಕಾಳು. ಜಪಾನಿನ ತಕಾಶಿ ಅಮಾನೊ ಅವರ ಎಡಿಎ ಕಂಪನಿಯಿಂದ ಇದು ಜಗತ್ತಿನಾದ್ಯಂತ ಹೆಸರಾಯಿತು. ಪೋಷಕಾಂಶ ಹಿಡಿದಿಡುವುದರ ಜೊತೆಗೆ ನೀರಿನ ಕ್ಷಾರತೆಯನ್ನೂ ಹೀರಿ ಪಿಎಚ್ ಇಳಿಸುವುದು ಇದರ ಗುಣ. ಮೈಸೂರಿನಲ್ಲಿ ಕಾವೇರಿ, ಕಬಿನಿಯ ನಲ್ಲಿ ನೀರು ಬರುವ ಮನೆಗೆ ಇದು ಸರಿಹೋಗುತ್ತದೆ. ಗಡಸಾದ ಬೋರ್‌ವೆಲ್ ನೀರು ಬಳಸಿದರೆ ಪ್ರತಿ ಸಲ ನೀರು ಬದಲಿಸಿದಾಗಲೂ ಆ ಶಕ್ತಿ ಕರಗುತ್ತ ಹೋಗಿ, ಕೊಟ್ಟ ದುಡ್ಡಿನ ಒಂದು ಪಾಲು ಬೇಗ ವ್ಯರ್ಥ.

ಅಗ್ಗದ ದಾರಿ, ಮಣ್ಣಿನ ಮೇಲೆ ಮರಳಿನ ಮುಚ್ಚಿಗೆ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಗೆ 2.5 ಸೆಂ.ಮೀ. ಪದರ ಬೇಕಾದರೆ ನಾಲ್ಕೂವರೆ ಲೀಟರ್ ಮಣ್ಣು. ಮೇಲೆ ಅಷ್ಟೇ ಮರಳು. ಮಣ್ಣು ರಾಸಾಯನಿಕ ಗೊಬ್ಬರ, ಕೀಟನಾಶಕ ಬೀಳದ ಜಾಗದ್ದಾಗಿರಬೇಕು. ಜರಡಿ ಹಿಡಿದು, ನೆನೆಹಾಕಿ, ತೇಲುವ ಕಸ ಚೆಲ್ಲಬೇಕು. ನರ್ಸರಿಯ ಕುಂಡದ ಮಣ್ಣಿನಲ್ಲಿ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರ ಬೆರೆತಿರುವುದು ಸಾಮಾನ್ಯ. ಗಿಡಕ್ಕೆ ಹಬ್ಬವಾದರೂ ಮೀನಿಗೆ ಅದು ಅಪಾಯ. ಕೊಳಚೆ ಸೇರುವ ಕೆರೆಯ ಹೂಳೂ ಬೇಡ. ಚಾಮರಾಜನಗರದ ಕಡೆಯ ಎರೆಮಣ್ಣು ಪೋಷಕಾಂಶವನ್ನು ಕೆಂಪು ಮಣ್ಣಿಗಿಂತ ಹೆಚ್ಚು ಹಿಡಿದಿಡುತ್ತದೆ ನಿಜ. ಆದರೆ ನೀರು ಕುಡಿದು ಉಬ್ಬುತ್ತದೆ, ಕದಡಿದರೆ ಬೇಗ ತಿಳಿಯಾಗದು, ಅದರಲ್ಲಿ ಸುಣ್ಣದ ಹರಳೂ ಇರಬಹುದು.

ಮುಚ್ಚಿಗೆಗೆ ಒಂದರಿಂದ ಎರಡು ಮಿಲಿಮೀಟರಿನ ಕಾಳು ಒಳ್ಳೆಯದು. ಎಂ-ಸ್ಯಾಂಡ್ ಆದೀತು, ಅದರ ದೂಳು ಹೋಗುವವರೆಗೆ ತೊಳೆಯಬೇಕು. ಕಾಳಿನ ಅಂಚು ಚೂಪಾದ್ದರಿಂದ ತಳ ಕೆದಕುವ ಕೊರಿಡೊರಾಸ್‌ನಂಥ ಮೀನಿಗೆ ಹೊಂದದು. ಒಂದು ಹಿಡಿ ಮರಳಿಗೆ ವಿನೆಗರ್ ಹನಿಸಿದಾಗ ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಗಡಸಾಗಿಸುತ್ತದೆ. ಅಮೃತಶಿಲೆಯ ಚೂರು, ಕಪ್ಪೆಚಿಪ್ಪು, ಹವಳಕ್ಕೂ ಇದೇ ಪರೀಕ್ಷೆ.

ನೀರು ತುಂಬಿಸುವಾಗ ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ಸುರಿದರೆ ಪದರ ಕದಡದು. ಮುಂದೆ ಮಣ್ಣಿನಿಂದ ಗುಳ್ಳೆ ಏಳುವುದುಂಟು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್: ಪದರ ತೀರಾ ದಪ್ಪವಾಗಿದೆ ಅಥವಾ ಕೊಳೆಯುವ ವಸ್ತು ಹೆಚ್ಚಿದೆ ಎಂದರ್ಥ. ನಮ್ಮ ಕೆರೆಗಳಲ್ಲೂ ಸಿಗುವ ಉದ್ದ ಚಿಪ್ಪಿನ ಮೆಲನಾಯ್ಡಿಸ್ ಬಸವನಹುಳು ಮರಳಿನೊಳಗೆ ಕೊರೆಯುತ್ತ ಓಡಾಡಿ ತಳವನ್ನು ಸಡಿಲವಾಗಿಡುತ್ತದೆ. ಹೊಸ ಮಣ್ಣು, ಅದರಲ್ಲೂ ಅಕ್ವಾ ಸಾಯಿಲ್, ಮೊದಲ ಕೆಲವು ವಾರ ಅಮೋನಿಯಾ ಬಿಡುವುದರಿಂದ ಗಿಡ ನೆಟ್ಟ ದಿನವೇ ಮೀನು ಬಿಡಬಾರದು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ನಾಲ್ಕಾರು ಮೀನುಗಳಿಂದ ಶುರುಮಾಡಬಹುದು.